ಮರವಂತೆಗೆ ಹೋಗಿಬಂದುದು

ಕುಂದಾಪುರದಿಂದ ಉತ್ತರಾಭಿಮುಖವಾಗಿ ಹೊರಟು, ಹೆಮ್ಮಾಡಿ ಮುಳ್ಳಿಕಟ್ಟೆಗಳನ್ನು ಹಿಂದಿಕ್ಕಿ ತ್ರಾಸಿಯನ್ನು ದಾಟಿದೊಡನೆ, ಅದುವರೆಗೆ ತೆಂಗಿನ ತೋಟಗಳ ಮರೆಯಲ್ಲಿ ಬರಿಯ ಸದ್ದಾಗಿದ್ದ ಕಡಲು ಥಟ್ಟನೆ ಎಡಮಗ್ಗುಲಿಗೆ ಬಂದು ನಿಲ್ಲುತ್ತದೆ. ಬೆರಗಾಗಿ ಬಲಕ್ಕೆ ತಿರುಗಿದರೆ ಅಲ್ಲಿಯೂ ನೀರು! ಅದು ಸೌಪರ್ಣಿಕೆ. ಇವೆರಡರ ನಡುವೆ ಇರುವುದು ಹೆದ್ದಾರಿಯೊಂದೇ. ಒಂದು ಬದಿಗೆ ನಿಂತು ಕಲ್ಲೆಸೆದರೆ ಕಡಲಿಗೆ, ಮತ್ತೊಂದು ಬದಿಗೆ ನಿಂತು ಎಸೆದರೆ ಹೊಳೆಗೆ. ಕೊಡಚಾದ್ರಿಯ ಮಗ್ಗುಲಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾದು ಬಂದ ಈ ನದಿ ಇಲ್ಲಿ ಕಡಲನ್ನು ಸೇರಿಯೇ ಬಿಟ್ಟಿತೆನ್ನುವಷ್ಟು ಸಮೀಪಕ್ಕೆ ಬಂದು, ತವರಿನ ಹೊಸ್ತಿಲವರೆಗೆ ಬಂದು ಏನನ್ನೋ ನೆನೆದು ಹಿಂದಿರುಗಿದ ಹೆಣ್ಣುಮಗಳಂತೆ ಮುಖ ತಿರುಗಿಸಿ, ತೆಂಕಲಾಗಿ ಹರಿದು ಗಂಗೊಳ್ಳಿಯಲ್ಲಿ ಉಳಿದ ನಾಲ್ಕು ಹೊಳೆಗಳೊಡನೆ ಅಳಿವೆಯನ್ನು ಸೇರುತ್ತದೆ. ಇಂಥ ದಾರಿ ಭರತಖಂಡದಲ್ಲಿ ಬೇರೆ ಇಲ್ಲವೆಂದು ಹೇಳುವವರುಂಟು. ಆ ವಾದ ನಮಗೆ ಬೇಡ. ನಾವು ಕಂಡುದು ಸಾಕು.

ನಾವು ಈ ಊರಿಗೆ ಹೋದುದು ಚಿತ್ರ ತೆಗೆಯುವವರು ಹೋಗುವ ಮಾರ್ಗಶಿರ ಪುಷ್ಯಗಳಲ್ಲಲ್ಲ, ಆಷಾಢದ ಜಡಿಮಳೆಯಲ್ಲಿ. ನಮ್ಮ ಅಕ್ಕನವರಿಗೆ ಎಪ್ಪತ್ತು ಮೀರಿದೆ. ಮರವಂತೆಯ ಮಹಾರಾಜಸ್ವಾಮಿಗೆ, ಎಂದರೆ ಅಲ್ಲಿಯ ವರಾಹದೇವರಿಗೆ, ಕರ್ಕಾಟಕ ಅಮಾವಾಸ್ಯೆಯಂದು ಬರುವೆನೆಂದು ಆಕೆ ಬಹುಕಾಲದ ಹಿಂದೆ ಹರಸಿಕೊಂಡಿದ್ದಳು. ಹರಕೆ ಮರೆತರೂ ಹರಕೆಯ ಭಯ ಮರೆಯುವುದಿಲ್ಲ. ಮಳೆಗಾಲದ ರಾತ್ರಿಯಲ್ಲಿ ಶಿರಾಡಿ ಘಟ್ಟವನ್ನು ಬಸ್ಸಿನಲ್ಲಿ ಇಳಿಯುವುದು ಆಕೆಯ ಕೆಮ್ಮಿಗೂ ಮಂಡಿಗೂ ಆಗದ ಕೆಲಸವಾದುದರಿಂದ, ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ನಿಧಾನವಾಗಿ ಕ್ರಮಿಸುವುದೆಂದು ನಿಶ್ಚಯಿಸಿದೆವು.

ವಿಮಾನದ ಪಯಣವೆಂದರೆ ಒಂದು ಗಂಟೆಯ ಒಳಗಿನ ಮಾತು. ಏರುವುದಕ್ಕೆ ಸ್ವಲ್ಪ, ಇಳಿಯುವುದಕ್ಕೆ ಸ್ವಲ್ಪ. ನಡುವೆ ಉಳಿಯುವ ಅಲ್ಪ ಕಾಲದಲ್ಲಿ ನಾಲ್ಕು ಮಂದಿ ಪರಿಚಾರಕರು ನೂರಾರು ಮಂದಿಗೆ ನೀರು ತಿಂಡಿಗಳನ್ನು ಕೊಟ್ಟು, ಕಸವನ್ನು ತೆಗೆದು, ಬಂಡಿಗಳನ್ನು ಮತ್ತೆ ಗೂಡಿಗೆ ಸೇರಿಸಬೇಕು. ಮದುವೆಮನೆಯಲ್ಲಿ ಬಡಿಸುವವರ ಅವಸರವನ್ನು ಕಂಡವರಿಗೆ ಇದರ ಅರ್ಧದಷ್ಟು ಊಹೆಯಾದೀತು. ಘಟ್ಟದ ಸಮೀಪಕ್ಕೆ ಬಂದಾಗ ಕಿಟಕಿಯ ಹೊರಗೆ ಬಿಳಿಯ ಬೆಟ್ಟಗಳಂತೆ ಮೋಡಗಳು ಎದ್ದು ನಿಂತಿದ್ದವು. ಸೊಂಟಪಟ್ಟಿಯ ದೀಪ ಹೊತ್ತಿತು. ಎಲ್ಲರೂ ಕುಳಿತುಕೊಳ್ಳಬೇಕೆಂದು ಧ್ವನಿವರ್ಧಕದಲ್ಲಿ ಹೇಳಿದರು. ಅದೇ ಹೊತ್ತಿಗೆ ಅಕ್ಕನಿಗೆ ಕೆಮ್ಮು ಹತ್ತಿತು. "ಒಂದು ಗುಟುಕು ಬಿಸಿನೀರು ಸಿಕ್ಕೀತೇನೋ, ನೋಡು" ಎಂದಳು. ತಲೆಯ ಮೇಲಿದ್ದ ಕರೆಯುವ ಗುಂಡಿಯನ್ನು ನಾವು ಒತ್ತಿದೆವು. ಹೌದು, ಒತ್ತಿದವರು ನಾವೇ. ದೀಪ ಹೊತ್ತಿದ್ದುದನ್ನು ನೋಡಿಯೇ ಒತ್ತಿದೆವು.

ಬಂದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. "ಸ್ವಲ್ಪ ಹೊತ್ತು ತಡೆಯುತ್ತೀರಾ ಅಮ್ಮಾ? ಈಗ ಅಲುಗಾಟ ಹೆಚ್ಚಾಗಬಹುದು" ಎಂದು ಕನ್ನಡದಲ್ಲಿಯೇ ಹೇಳಿದಳು. ಅಕ್ಕ ಕೆಮ್ಮುತ್ತಲೇ ತಲೆಯಾಡಿಸಿದಳು. ಆ ಮುದುಕಿಯ ಮುಖವನ್ನು ಕಂಡು ಹುಡುಗಿಗೆ ಮನಸ್ಸು ತಡೆಯಲಿಲ್ಲವೆಂದು ತೋರುತ್ತದೆ. ಪೀಠಗಳ ಬೆನ್ನನ್ನು ಒಂದೊಂದಾಗಿ ಹಿಡಿಯುತ್ತ ಹಿಂದಕ್ಕೆ ಹೋಗಿ, ಕಾಗದದ ಲೋಟದಲ್ಲಿ ನೀರನ್ನು ತಂದಳು. ನಮ್ಮ ಸಾಲಿಗೆ ಇನ್ನು ಎರಡೇ ಹೆಜ್ಜೆ. ಆಗ ವಿಮಾನ ಕಾಲ ಕೆಳಗಿನಿಂದ ಜಾರಿತು.

ಅದನ್ನು ಬೇರೆ ರೀತಿಯಲ್ಲಿ ಹೇಳಲಾರೆವು. ನಮ್ಮ ಹೊಟ್ಟೆ ಗಂಟಲಿಗೆ ಬಂದಂತಾಯಿತು; ಪಟ್ಟಿ ತೊಡೆಯನ್ನು ಬಿಗಿಯಿತು; ಅಷ್ಟೆ. ಆದರೆ ಆ ಹುಡುಗಿ ನೆಲದಿಂದ ಎದ್ದಳು. ಆಕೆ ಹಾರಿದಳೆಂಬುದು ಕಣ್ಣಿನ ಭ್ರಮೆ. ಆಕೆ ಇದ್ದಲ್ಲಿಯೇ ಇದ್ದಳು, ವಿಮಾನ ಕೆಳಗಿಳಿಯಿತು, ಅದರ ಛಾವಣಿ ಬಂದು ಆಕೆಯ ತಲೆಗೆ ಬಡಿಯಿತು. ಮರುಕ್ಷಣವೇ ನೆಲ ಮೇಲೆದ್ದು ಬಂದು ಆಕೆಯನ್ನು ಪೀಠದ ಕೈಯ ಮೇಲೆ ಕೆಡವಿತು. ಬಲಗೈಯ ಮಣಿಕಟ್ಟು ಮಡಚಿಕೊಂಡುದನ್ನು ನಾವು ಕಣ್ಣಾರೆ ಕಂಡೆವು. ಅಕ್ಕನಿಗಾಗಿ ತಂದ ನೀರು ಆಕೆಯ ಕೈಯ ಮೇಲೆಯೇ ಚೆಲ್ಲಿತ್ತು. ಪಟ್ಟಿಯನ್ನು ಬಿಚ್ಚಿ ಏಳಹೋದ ನಮ್ಮನ್ನು ಆಕೆಯೇ ತಡೆದಳು: "ಏಳಬೇಡಿ ಸಾರ್, ಕುಳಿತಿರಿ!" ಬಿದ್ದವಳು ಕುಳಿತವರಿಗೆ ಎಚ್ಚರಿಕೆ ಹೇಳುತ್ತಿದ್ದಳು. ಅಲುಗಾಟ ನಿಂತ ಮೇಲೆ ಆಕೆಯ ಜೊತೆಗಾರ್ತಿ ಓಡಿಬಂದು, ಒಂದು ಮಾಸಪತ್ರಿಕೆಯನ್ನು ಕೈಯ ಕೆಳಗೆ ಹಲಗೆಯಂತೆ ಮಡಚಿಟ್ಟು ಬಟ್ಟೆಯಿಂದ ಕಟ್ಟಿದಳು. ಪತ್ರಿಕೆಗಳಿಂದ ಲೋಕೋಪಕಾರವಾಗುತ್ತದೆಂದು ನಾವು ಅನೇಕ ಸಭೆಗಳಲ್ಲಿ ಕೇಳಿದ್ದೆವು. ಕಣ್ಣಿಗೆ ಕಂಡುದು ಅಂದೇ.

ಬಜಪೆಯಲ್ಲಿ ಇಳಿದಾಗ ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಅಕ್ಕ ಹತ್ತಿರ ಹೋಗಿ ಆಕೆಯ ತಲೆ ಸವರಿದಳು, ಏನನ್ನೂ ಹೇಳಲಿಲ್ಲ. ಬಜಪೆಯ ಗುಡ್ಡದ ಮೇಲೆ ಇಳಿಯುವಾಗ ಈ ಕರಾವಳಿಯವರಿಗೆ ಒಂದು ನೆನಪು ತಪ್ಪದೆ ಬರುತ್ತದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿಯ ರನ್‌ವೇಯನ್ನು ಮೀರಿ ಕಮರಿಗೆ ಬಿದ್ದು 158 ಮಂದಿ ಮೃತರಾದರು. ಉಳಿದವರು ಎಂಟೇ ಮಂದಿ. ಅಂಥ ದುರಂತದ ಭಯವೇ ನಮ್ಮ ಮನಸ್ಸನ್ನು ತುಂಬಿರುವುದರಿಂದ, ವಿಮಾನ ಕ್ಷೇಮವಾಗಿ ಇಳಿಯಿತೆಂದರೆ ಎಲ್ಲರೂ ಕ್ಷೇಮವೆಂದು ತಿಳಿಯುತ್ತೇವೆ. ನಮ್ಮ ವಿಮಾನಕ್ಕೆ ಒಂದು ಗೀರೂ ಆಗಿರಲಿಲ್ಲ.

ಮರವಂತೆಯನ್ನು ತಲುಪಿದಾಗ ಸಂಜೆಯಾಗಿತ್ತು. ಮಳೆ ಕ್ಷಣಕಾಲ ಬಿಟ್ಟಿತ್ತು. ಕಡಲ್ಕೊರೆತವನ್ನು ತಡೆಯುವುದಕ್ಕೆಂದು ದಡದುದ್ದಕ್ಕೂ ಒಟ್ಟಿದ ಕರಿಗಲ್ಲುಗಳ ಮೇಲೆ ತೆರೆಗಳು ಬಡಿದು, ಹನಿಗಳು ಹೆದ್ದಾರಿಯವರೆಗೂ ಹಾರುತ್ತಿದ್ದವು. ಹಿಂದಿರುಗಿ ನೋಡಿದರೆ ಸೌಪರ್ಣಿಕೆ ಮಳೆನೀರಿನಿಂದ ಕೆಂಪಾಗಿ, ತುಂಬು ಗರ್ಭಿಣಿಯಂತೆ ನಿಧಾನವಾಗಿ ಸರಿಯುತ್ತಿತ್ತು. ಅದರಾಚೆ ತೆಂಗು, ಅದರಾಚೆ ಮೋಡ ಮುಸುಕಿದ ಘಟ್ಟಗಳ ಸಾಲು.

ಕಲ್ಲಿನ ಒತ್ತಿನಲ್ಲಿ ಇಳಿವಯಸ್ಸಿನ ಮೀನುಗಾರರೊಬ್ಬರು ಕಡಲನ್ನು ನೋಡುತ್ತ ನಿಂತಿದ್ದರು. ಜೂನ್ ಮೊದಲ ದಿನದಿಂದ ಜುಲೈ ಕಡೆಯವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ನಾಡದೋಣಿಯವರ ಸುಗ್ಗಿ. ಅವರು ಕಾಯುವುದು ತೂಫಾನಿಗೆ. ಕಡಲು ಒಮ್ಮೆ ಚೆನ್ನಾಗಿ ಕದಡಿ ತಣ್ಣಗಾದರೆ ಮೀನು ದಡಕ್ಕೆ ಬರುತ್ತದೆಂಬುದು ಅವರ ಲೆಕ್ಕ. ಒಬ್ಬರಿಗೆ ಭಯವಾದುದು ಮತ್ತೊಬ್ಬರಿಗೆ ಅನ್ನ. ಮಾತಿಗೆ ಮಾತು ಬೆಳೆದು ನಾವು ಬೆಳಗಿನ ಸಂಗತಿಯನ್ನು ಹೇಳಿದೆವು. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. "ದೋಣಿಯಂಗೂ ಹಾಂಗೆ ಮಾರಾಯ್ರೆ. ಕೂಕಂಡವ್ರ್ ಚಂಡಿ ಆತ್ರ್, ನಿಂತ್ಕಂಡವ್ರ್ ಬೀಳ್ತ್ರ್" ಎಂದರು. ಚಂಡಿಯೆಂದರೆ ಆ ಕಡೆಯ ಮಾತಿನಲ್ಲಿ ಒದ್ದೆ. ಮಾಟುಬಲೆಯ ದೋಣಿಯಲ್ಲಿ ಎಲ್ಲರೂ ಕುಳಿತೇ ಇದ್ದರೆ ಬಲೆ ಬಿಡುವವರಾರು? ಅಳಿವೆಯ ಬಾಯಲ್ಲಿ ತೆರೆ ಎದ್ದಾಗ ನಿಂತಿರಲೇಬೇಕಾದವನು ಒಬ್ಬನಿರುತ್ತಾನೆ, ಅಪಾಯ ಅವನ ಪಾಲಿನದು ಎಂದು ವಿವರಿಸಿದರು. ಕಡಲನ್ನು ತಾನು ಅಷ್ಟಾಗಿ ಅಂಜುವುದಿಲ್ಲವೆಂದೂ, ಅದು ಬರುವುದಕ್ಕೆ ಮುಂಚೆ ತಲೆಯೆತ್ತಿ ತೋರಿಸುತ್ತದೆಂದೂ, ಮಳೆಗಾಲದ ಹೊಳೆಯೇ ಕೆಟ್ಟದ್ದೆಂದೂ ಹೇಳಿದರು. ಮೇಲೆ ಕನ್ನಡಿಯಂತಿರುವ ನೀರಿನ ಅಡಿಯಲ್ಲಿ ಸೆಳವು ಎಲ್ಲಿದೆಯೆಂದು ಕಾಲಿಟ್ಟಲ್ಲದೆ ತಿಳಿಯದು.

ಆ ಮಾತು ನಮ್ಮಲ್ಲಿ ಉಳಿಯಿತು. ಊರಿಗೆ ಹಿಂದಿರುಗಿದ ಮೇಲೆ ಈ ವಿಷಯವಾಗಿ ದೊರೆತುದನ್ನೆಲ್ಲ ಓದಿದೆವು. ಗಾಳಿಯಲ್ಲಿಯೂ ಕಡಲಿನ ಬಗೆ ಒಂದು, ಹೊಳೆಯ ಬಗೆ ಒಂದು ಇರುವುದನ್ನು ಕಂಡೆವು. ಮಳೆಮೋಡದೊಳಗೆ ಬಿಸಿಗಾಳಿ ರಭಸದಿಂದ ಮೇಲೇರುತ್ತದೆ, ಅದರ ಪಕ್ಕದಲ್ಲಿಯೇ ತಣ್ಣನೆಯ ಗಾಳಿ ಇಳಿಯುತ್ತದೆ. ಎರಡರ ನಡುವೆ ನುಗ್ಗಿದ ವಿಮಾನ ಅಲ್ಲಾಡದೆ ಇರಲಾರದು. ಆದರೆ ಮೋಡ ಕಣ್ಣಿಗೆ ಕಾಣುತ್ತದೆ. ವಿಮಾನದ ಮೂತಿಯಲ್ಲಿರುವ ರೇಡಾರಿಗೆ ಅದರೊಳಗಿನ ನೀರಹನಿಗಳು ಗೋಚರಿಸುತ್ತವೆ. ಚಾಲಕನು ಸುತ್ತಿ ಹೋಗಬಹುದು. ಇನ್ನು ಘಟ್ಟಗಳ ವಿಚಾರ. ಪಡುವಣ ಕಡಲಿನಿಂದ ಬೀಸುವ ಮುಂಗಾರುಗಾಳಿ ಸಹ್ಯಾದ್ರಿಯ ಗೋಡೆಯನ್ನು ಹತ್ತಿ ಮೂಡಣ ಮಗ್ಗುಲಿಗೆ ಇಳಿಯುವಾಗ, ಬಂಡೆಯ ಮೇಲೆ ಹರಿದ ಹೊಳೆಯ ನೀರು ಬಂಡೆಯಾಚೆಗೆ ಅಲೆಯಾಗಿ ಒಡೆಯುವಂತೆ ಒಡೆಯುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಬರುವ ವಿಮಾನ ಈ ಒಡೆದ ಗಾಳಿಯ ಕಡೆಯಿಂದಲೇ ಬರಬೇಕು. ಮೂರನೆಯದು ಎಲ್ಲಕ್ಕೂ ಕುಟಿಲವಾದುದು. ಬಹಳ ಎತ್ತರದಲ್ಲಿ ವೇಗವಾಗಿ ಬೀಸುವ ಗಾಳಿಯ ಹೊನಲುಗಳ ಅಂಚಿನಲ್ಲಿ, ಮೋಡದ ಸುಳಿವೇ ಇಲ್ಲದ ನೀಲಿಯ ಬಾನಿನಲ್ಲಿ, ಕ್ಷೋಭೆ ಅಡಗಿರುತ್ತದೆ. ಅಲ್ಲಿ ನೀರಹನಿಯಿಲ್ಲ, ಆದುದರಿಂದ ರೇಡಾರಿಗೆ ಕಾಣಿಸದು. ಮುಂದೆ ಹೋದ ವಿಮಾನದವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಉತ್ತರ ಅಟ್ಲಾಂಟಿಕದ ಮೇಲೆ ಒಂದು ಸ್ಥಳದಲ್ಲಿ ಈ ಬಗೆಯ ತೀವ್ರ ಕ್ಷೋಭೆ 1979ರಲ್ಲಿ ವರ್ಷಕ್ಕೆ 17.7 ಗಂಟೆ ಇದ್ದುದು 2020ರ ವೇಳೆಗೆ 27.4 ಗಂಟೆಗೆ ಏರಿದೆ. ಭೂಮಿ ಬಿಸಿಯಾಗುತ್ತಿರುವುದರ ಫಲವೆಂದು ಅವರ ಅಭಿಪ್ರಾಯ.

ಇಂಥ ಹೊಡೆತದಿಂದ ವಿಮಾನವೇ ಮುರಿದೀತೆಂದು ಅಂಜುವವರಿಗೆ ಒಂದು ಸಮಾಧಾನವುಂಟು. ರೆಕ್ಕೆಗಳು ಬಾಗಲೆಂದೇ ಮಾಡಿದವು. ಸಾಮಾನ್ಯವಾಗಿ ಎದುರಾಗುವುದಕ್ಕಿಂತ ಬಹಳ ಹೆಚ್ಚಿನ ಹೊರೆಯನ್ನು ಅವು ತಾಳುತ್ತವೆ. ಮುರಿಯುವುದು ಮನುಷ್ಯರ ಎಲುಬು, ಅದರಲ್ಲಿಯೂ ಒಂದೇ ಬಗೆಯ ಮನುಷ್ಯರದು. ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕದಲ್ಲಿ 2009ರಿಂದ 2022ರವರೆಗೆ ಆ ದೇಶದ ವಿಮಾನಗಳಲ್ಲಿ ಗಾಳಿಯ ಕ್ಷೋಭೆಯಿಂದ ತೀವ್ರವಾಗಿ ಗಾಯಗೊಂಡವರು 163 ಮಂದಿ. ಅವರಲ್ಲಿ ಪ್ರಯಾಣಿಕರು 34, ಸಿಬ್ಬಂದಿಯವರು 129. ಒಂದು ವಿಮಾನದಲ್ಲಿ ನೂರೈವತ್ತು ಪ್ರಯಾಣಿಕರಿಗೆ ನಾಲ್ವರೋ ಐವರೋ ಪರಿಚಾರಕರು ಇರುತ್ತಾರೆಂಬುದನ್ನು ನೆನೆದು ವಾಚಕರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ಪೆಟ್ಟು ಬೀಳುವುದು ಹೆಚ್ಚಾಗಿ ವಿಮಾನದ ಹಿಂಬದಿಯಲ್ಲಿ, ಅವರ ಅಡುಗೆಗೂಡಿನ ಸುತ್ತ. ಅಲ್ಲಿ ಬಿಸಿನೀರಿದೆ, ಕಬ್ಬಿಣದ ಮೂಲೆಗಳಿವೆ, ತುಂಬಿದಾಗ ಒಬ್ಬ ಆಳಿನಷ್ಟು ತೂಗುವ ಬಂಡಿಗಳಿವೆ.

ನಮ್ಮ ದೇಶದಲ್ಲಿಯೂ ಇದು ಹೊಸತಲ್ಲ. 2022ರ ಮೇ 1ರಂದು ಮುಂಬಯಿಯಿಂದ ಬಂಗಾಳದ ದುರ್ಗಾಪುರಕ್ಕೆ ಹೊರಟ ಸ್ಪೈಸ್‌ಜೆಟ್ ವಿಮಾನ ಇಳಿಯುವ ಹೊತ್ತಿನಲ್ಲಿ ಕ್ಷೋಭೆಗೆ ಸಿಕ್ಕಿ, 14 ಮಂದಿ ಪ್ರಯಾಣಿಕರೂ ಮೂವರು ಪರಿಚಾರಕರೂ ಗಾಯಗೊಂಡರೆಂದು ಸರಕಾರದ ವಿಮಾನಯಾನ ನಿರ್ದೇಶನಾಲಯ ಆಗ ತಿಳಿಸಿತು. ತಲೆಗೆ, ಬೆನ್ನುಮೂಳೆಗೆ, ಭುಜಕ್ಕೆ ಪೆಟ್ಟು. ಆ ವಿಮಾನದಲ್ಲಿ ಇದ್ದ ಪರಿಚಾರಕರೇ ನಾಲ್ವರು.

ಇನ್ನೊಂದನ್ನು ಲೋಕವೆಲ್ಲ ಕೇಳಿತು. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸಿನ ವಿಮಾನ, ಬರ್ಮಾದೇಶದ ಮೇಲೆ 37,000 ಅಡಿ ಎತ್ತರದಲ್ಲಿದ್ದಾಗ, ಕ್ಷೋಭೆಗೆ ಸಿಕ್ಕಿತು. ಸಿಂಗಪುರದ ತನಿಖಾಧಿಕಾರಿಗಳು ವಿಮಾನದ ದಾಖಲೆಯಂತ್ರವನ್ನು ಓದಿ ಹೇಳಿದಂತೆ, ಅದು 4.6 ಸೆಕೆಂಡುಗಳಲ್ಲಿ 178 ಅಡಿ ಇಳಿದಿತ್ತು. ಪಟ್ಟಿ ಕಟ್ಟದವರು ಮೇಲಕ್ಕೆ ತೇಲಿ ಛಾವಣಿಗೆ ಬಡಿದು ಕೆಳಕ್ಕೆ ಬಿದ್ದರು. 73 ವಯಸ್ಸಿನ ಆಂಗ್ಲ ಗೃಹಸ್ಥರೊಬ್ಬರು ಮೃತಪಟ್ಟರು. ಹತ್ತಾರು ಮಂದಿ ಗಾಯಗೊಂಡರು. ವಿಮಾನವನ್ನು ಬ್ಯಾಂಕಾಕಿನಲ್ಲಿ ಇಳಿಸಬೇಕಾಯಿತು. ಪಟ್ಟಿಯ ದೀಪ ಹೊತ್ತಿದುದಕ್ಕೂ ಜನ ತೇಲಿದುದಕ್ಕೂ ನಡುವಣ ಅವಕಾಶ ಎಂಟು ಸೆಕೆಂಡು. ಈ ಎಂಟು ಸೆಕೆಂಡೆಂದರೆ ಎಷ್ಟು? ಮರವಂತೆಯ ಆ ಸಂಜೆ ಸುಮ್ಮನೆ ಕಾಲ ಕಳೆಯುತ್ತ ನಾವು ತೆರೆಗಳನ್ನು ಎಣಿಸಿದ್ದೆವು. ಒಂದು ದೊಡ್ಡ ತೆರೆ ಕಲ್ಲಿಗೆ ಬಡಿದು ಮತ್ತೊಂದು ಬರುವಷ್ಟರಲ್ಲಿ ಮೆಲ್ಲನೆ ಎಂಟು ಒಂಬತ್ತು ಎಣಿಕೆಯಾಗುತ್ತಿತ್ತು. ಅಷ್ಟರೊಳಗೆ ಪೀಠದಲ್ಲಿರುವವನು ಪಟ್ಟಿಯನ್ನು ಹುಡುಕಿ ಕಟ್ಟಿಕೊಳ್ಳಬಲ್ಲ, ಕೈ ನಡುಗದಿದ್ದರೆ. ನಡುದಾರಿಯಲ್ಲಿ ಬಂಡಿಯ ಮುಂದೆ, ಕೈಯಲ್ಲಿ ಚಹದ ಹೂಜಿಯನ್ನು ಹಿಡಿದು ನಿಂತವಳು ಏನು ಮಾಡಬಲ್ಲಳು? ಬಂಡಿಯ ಗಾಲಿಗೆ ತಡೆ ಹಾಕುವಳೋ, ಹೂಜಿಯನ್ನು ಎಲ್ಲಿಡಲೆಂದು ನೋಡುವಳೋ, ತನ್ನ ಪೀಠಕ್ಕೆ ಓಡುವಳೋ?

ಆ ಘಟನೆಯ ನಂತರ ಸಿಂಗಪುರದ ಆ ಕಂಪನಿಯವರು ದೀಪ ಹೊತ್ತಿರುವಾಗ ಬಿಸಿ ಪಾನೀಯಗಳನ್ನಷ್ಟೇ ಅಲ್ಲ, ಊಟ ಬಡಿಸುವುದನ್ನೂ ನಿಲ್ಲಿಸಿ, ಪರಿಚಾರಕರೂ ಕುಳಿತು ಪಟ್ಟಿ ಕಟ್ಟಬೇಕೆಂದು ನಿಯಮ ಮಾಡಿದರು. ಕೊರಿಯಾದೇಶದ ಕೊರಿಯನ್ ಏರ್ ಕಂಪನಿಯವರು ಅದೇ ವರ್ಷ ಆಗಸ್ಟಿನಿಂದ ಸಾಮಾನ್ಯ ದರ್ಜೆಯಲ್ಲಿ ಬಿಸಿನೀರು ಹೊಯ್ದು ಕೊಡುವ ಶಾವಿಗೆಯ ಲೋಟವನ್ನೇ ಬಿಟ್ಟುಬಿಟ್ಟರು. ಅದು ಅಲ್ಲಿಯ ಪ್ರಯಾಣಿಕರಿಗೆ ಬಹು ಪ್ರಿಯವಾದ ತಿಂಡಿಯಂತೆ. ಮನೆಯಲ್ಲಿ ಕುದಿಯುವ ಸಾರನ್ನು ಪಂಕ್ತಿಯ ನಡುವೆ ಹೊತ್ತು ನಡೆದ ಹೆಂಗಸರಿಗೆ ಈ ನಿಯಮದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪತ್ರಿಕೆಗಳು ಇವರನ್ನು ಗಗನಸಖಿಯರೆಂದು ಕರೆಯುತ್ತವೆ. ಆ ಹೆಸರು ನಮಗೆ ಎಂದೂ ಒಗ್ಗಿದುದಿಲ್ಲ. ನಾಟಕದ ರಾಣಿಯ ಪಕ್ಕದಲ್ಲಿ ಚಾಮರ ಹಿಡಿದು ನಿಂತವರ ನೆನಪು ಬರುತ್ತದೆ. ಮೊದಲಿನವರು ಹಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಸೇರಿದ ಮೊದಲನೆಯ ಸ್ತ್ರೀ, ಎಲೆನ್ ಚರ್ಚ್ ಎಂಬಾಕೆ, ತರಬೇತಾದ ದಾದಿ. ಆಕೆಯೊಡನೆ ಸೇರಿದವರೂ ದಾದಿಯರೇ. ಆಗಿನ ವಿಮಾನಗಳು ಮೋಡಗಳ ಮೇಲಕ್ಕೆ ಏರಲಾರದೆ ಕೆಳಗಿನ ಒರಟು ಗಾಳಿಯಲ್ಲಿಯೇ ಹಾರುತ್ತಿದ್ದುದರಿಂದ, ಕುಳಿತವರಿಗೆ ವಾಂತಿಯೂ ಭಯವೂ ಸಾಮಾನ್ಯವಾಗಿದ್ದವು. ನಮ್ಮ ಬಜಪೆಗೆ 1951ರ ಡಿಸೆಂಬರ್ 25ರಂದು ಜವಾಹರಲಾಲ ನೆಹರೂ ಅವರನ್ನು ಹೊತ್ತು ಇಳಿದ ಡಕೋಟಾ ವಿಮಾನವೂ ಆ ಕಾಲದ್ದೇ. ಇಂದಿಗೂ ಇವರ ಮುಖ್ಯ ಕೆಲಸ ಬಡಿಸುವುದಲ್ಲ. ಬೆಂಕಿ ಬಿದ್ದರೆ, ವಿಮಾನ ಜಾರಿದರೆ ನಮ್ಮನ್ನು ಹೊರಕ್ಕೆ ದಾಟಿಸುವುದು. ಅದಕ್ಕಾಗಿಯೇ ಅವರಿಲ್ಲದೆ ವಿಮಾನ ಹಾರಕೂಡದೆಂದು ಕಾನೂನು. ಅವರ ಕೈಕಾಲು ಮುರಿದರೆ ನಷ್ಟ ಅವರೊಬ್ಬರದೇ ಅಲ್ಲವೆಂಬುದು ಗುಂಡಿಯನ್ನೊತ್ತುವಾಗ ನಮಗೆ ಹೊಳೆದಿರಲಿಲ್ಲ.

ಮರುದಿನ ಅಮಾವಾಸ್ಯೆ. ಬೆಳಗಿನ ಜಾವದಿಂದಲೇ ಜನಪ್ರವಾಹ. ಮೀನುಗಾರರು, ಬೇಸಾಯಗಾರರು, ಹೊಸದಾಗಿ ಮದುವೆಯಾದ ಜೋಡಿಗಳು, ಎಲ್ಲರೂ ಕಡಲಿನಲ್ಲಿಯೂ ಹೊಳೆಯಲ್ಲಿಯೂ ಮಿಂದು ದೇವರ ದರ್ಶನಕ್ಕೆ ಹೋಗುವರು. ದೇವಾಲಯ ಹೊಳೆಯ ಮಗ್ಗುಲಿಗಿದೆ; ವರಾಹನೊಡನೆ ವಿಷ್ಣುವೂ ನರಸಿಂಹನೂ ಅಲ್ಲಿ ಪೂಜೆಗೊಳ್ಳುವರು. ಹೆದ್ದಾರಿಯ ಮೇಲೆ ವಾಹನಗಳು ನಿಂತುಬಿಟ್ಟಿದ್ದವು. ಕಡಲು ಹಿಂದಿನ ಸಂಜೆಗಿಂತ ಒರಟಾಗಿತ್ತು. ಮೀಯುವವರು ಮುಂದಕ್ಕೆ ಹೋಗದಂತೆ ಊರಿನ ಕೆಲವು ಮಂದಿ ತರುಣರು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಒಂದೊಂದು ತೆರೆಯೂ ಮೊದಲು ಅವರ ಬೆನ್ನಿಗೆ ಬಡಿದು, ಮುರಿದು, ಆಮೇಲೆ ನಮ್ಮ ಕಾಲಿಗೆ ಬರುತ್ತಿತ್ತು. ಅವರಲ್ಲೊಬ್ಬನು ಅಕ್ಕನನ್ನು ನೋಡಿ, ತಾನು ಕೈ ಹಿಡಿದು ಒಳಕ್ಕೆ ಕರೆದೊಯ್ಯುವೆನೆಂದು ಮುಂದೆ ಬಂದನು. ಅಕ್ಕ ಬೇಡವೆಂದಳು. "ನೀನು ನಿನ್ನ ಜಾಗದಲ್ಲಿರಪ್ಪಾ, ನನಗೆ ಇಷ್ಟೇ ಸಾಕು" ಎಂದು ಒಂದು ಬೊಗಸೆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು ಹಿಂದಿರುಗಿದಳು. ಹರಕೆ ಹೀಗೆ ಸಂದಿತೋ ಇಲ್ಲವೋ ದೇವರಿಗೇ ಗೊತ್ತು.

ಹಿಂದಿರುಗುವ ದಾರಿಯಲ್ಲಿ ಕುಂದಾಪುರದ ಪೇಟೆಯಲ್ಲಿ ಕಾರನ್ನು ನಿಲ್ಲಿಸಿ, ಮುಚ್ಚಳ ಬಿಗಿಯಾದ ಒಂದು ಚಿಕ್ಕ ಫ್ಲಾಸ್ಕನ್ನು ಆಕೆ ಕೊಂಡಳು. ವಿಮಾನದಲ್ಲಿ ಅದು ಆಕೆಯ ಮುಂದಿನ ಪೀಠದ ಜೇಬಿನಲ್ಲಿತ್ತು. ಈ ಸಲ ಅಲುಗಾಟವೇನೂ ಇರಲಿಲ್ಲ, ದೀಪ ಆರಿತು, ಪಟ್ಟಿಯನ್ನು ಬಿಚ್ಚೋಣವೇ ಎಂದು ನಮ್ಮ ಮನೆಯವರು ಕೇಳಿದರು. ಅಕ್ಕ ಉತ್ತರ ಕೊಡದೆ ತನ್ನ ಪಟ್ಟಿಯನ್ನು ಇನ್ನೊಂದಿಷ್ಟು ಎಳೆದುಕೊಂಡಳು.

ಮನೆಗೆ ಬಂದ ಮೇಲೆ ನಾವು ಆ ವಿಮಾನದ ಕಂಪನಿಗೆ ಒಂದು ಕಾಗದ ಬರೆದೆವು. ತಪ್ಪು ನಮ್ಮದೆಂದೂ, ದೀಪ ಹೊತ್ತಿರುವಾಗ ಕರೆದವರು ನಾವೆಂದೂ, ಆ ಹುಡುಗಿಯ ಮೇಲೆ ಯಾವ ಆಕ್ಷೇಪಣೆಯೂ ಬಾರದಂತೆ ನೋಡಿಕೊಳ್ಳಬೇಕೆಂದೂ ಪ್ರಾರ್ಥಿಸಿದೆವು. ಮೂರು ವಾರಗಳ ಮೇಲೆ ಉತ್ತರ ಬಂದಿತು. ಹುಡುಗಿಯ ಎಲುಬು ಕೂಡುತ್ತಿದೆ, ಆಕೆ ವಿಶ್ರಾಂತಿಯಲ್ಲಿದ್ದಾಳೆ, ತಮ್ಮ ಕಾಳಜಿಗೆ ವಂದನೆ ಎಂದು ನಾಲ್ಕು ಸಾಲು. ಅದನ್ನು ಅಕ್ಕನಿಗೆ ಓದಿ ಹೇಳಿದೆವು.

"ವಾಸಿಯಾದ ಮೇಲೆ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾಳಂತೆಯೇ?" ಎಂದು ಕೇಳಿದಳು.

ಕಾಗದದಲ್ಲಿ ಅದನ್ನು ಬರೆದಿರಲಿಲ್ಲ.